ಕುಮಟೆಯಲ್ಲಿ ಇಳಿಸಿ, ಗೋಕರ್ಣದಲ್ಲಿ ಹತ್ತಿಸಿಕೊಂಡು

ಬೀಗದ ಕೈಯನ್ನು ಮೂರು ಸಲ ತಿರುಗಿಸಿದರೂ ವ್ಯಾನಿನ ಬಾಗಿಲು ತೆರೆಯಲಿಲ್ಲ. ಆದಿನಾರಾಯಣ ಅದಕ್ಕೆ ಮೊಣಕೈಯಿಂದ ಒಂದು ಗುದ್ದು ಕೊಟ್ಟು, ಶಾಮಿಯಾನದ ಕಂಬ ಹಿಡಿದು ಕಾಯುತ್ತಿದ್ದ ಇಬ್ಬರ ಕಡೆ ತಿರುಗಿದ.

“ಇದು ಇಲ್ಲಿಂದ ಅಲ್ಲಾಡೋವರ್ಗೂ ಏನೂ ಆಗಲ್ಲ. ನೋಡಿ ನಮ್ಮಣ್ಣನ್ನ. ಹೋಗೋವಾಗ್ಲೂ ಗಾಡೀನ ಬಾಗ್ಲಿಗೆ ಅಡ್ಡ ನಿಲ್ಸೇ ಹೋದ.”

ನಾಗವಾರಪಾಳ್ಯದ ಆ ಓಣಿ ಬಹಳ ಕಿರಿದು. ಹದಿಮೂರು ಸೀಟಿನ ವ್ಯಾನು ನಿಂತರೆ ಪಕ್ಕದಲ್ಲಿ ಒಬ್ಬರು ಓರೆಯಾಗಿ ದಾಟಿಹೋಗಬಹುದು, ಅಷ್ಟೆ. ಒಳಗೆ ನಡುಮನೆಯಲ್ಲಿ ಮುನಿವೆಂಕಟಪ್ಪನ ದೇಹ ಚಾಪೆಯ ಮೇಲಿತ್ತು. ಹಿಂದಿನ ದಿನ ಮಧ್ಯಾಹ್ನ ಉಂಡು, ಸ್ವಲ್ಪ ಒರಗುತ್ತೇನೆಂದು ಮಲಗಿದವನು ಸಂಜೆ ಕಾಫಿಗೆ ಕರೆದಾಗ ಏಳಲಿಲ್ಲ. ಅರವತ್ತಮೂರು ವರ್ಷ. ಕಾಯಿಲೆ ಎಂದು ಒಂದು ದಿನ ಮಲಗಿದವನಲ್ಲ. ಈಗ ವ್ಯಾನು ಸರಿದರೆ ಅವನನ್ನು ಹೊರಗೆ ತಂದು ಸ್ನಾನ ಮಾಡಿಸಬೇಕು. ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಮಣ್ಣಾಗಬೇಕು.

ಆಂಜನಮ್ಮ ಗಂಡನ ತಲೆಯ ಬಳಿ ಕೂತಿದ್ದಳು. ಮೈದುನ ಕಿಟಕಿಯಲ್ಲಿ ಮುಖವಿಟ್ಟ.

“ಅತ್ಗೇ, ಬೇರೆ ಕೀ ಏನಾರಾ ಐತಾ?”

“ಆ ಬಾಗ್ಲು ಹೊರಗಿಂದ ತೆಗ್ಯಲ್ಲ. ಎಡಗಡೆಯಿಂದ ಹತ್ತಿ ಒಳಗಿಂದ ತೆಗೀಬೇಕು.” ಅವನು ಹೊರಡುವಷ್ಟರಲ್ಲಿ ಮತ್ತೆ ಹೇಳಿದಳು: “ಆದಿ, ಬೆಳಿಗ್ಗೆ ಹೇಳಿದ್ದು ನೆನಪಿರ್ಲಿ. ಮಣ್ಣು ಹಾಕೋ ತನಕ ನಾನೂ ಬರ್ತೀನಿ.”

ಆದಿನಾರಾಯಣ ಕಿಟಕಿಯ ಸರಳು ಹಿಡಿದು ನಿಂತ. ಆ ಮನೆತನದಲ್ಲಿ ಹೆಂಗಸರು ಹೆಣದ ಜೊತೆ ನೀರಿನ ಟ್ಯಾಂಕಿನ ಮೂಲೆಯ ತನಕ ಮಾತ್ರ ಹೋಗುವುದು. ಅಲ್ಲಿ ಚಟ್ಟವನ್ನು ಇಳಿಸಿ, ತಿರುಗಿಸಿ, ಮತ್ತೆ ಹೊರುತ್ತಾರೆ. ಹೆಂಗಸರು ಹಿಂತಿರುಗಿ ನೋಡದೆ ಮನೆಗೆ ಬಂದು, ಮನೆ ತೊಳೆದು, ಹೆಣವಿದ್ದ ಜಾಗದಲ್ಲಿ ದೀಪ ಹಚ್ಚುತ್ತಾರೆ. ಮಾವ ಹೋದಾಗ, ಅತ್ತೆ ಹೋದಾಗ, ಆಂಜನಮ್ಮನೂ ಹಾಗೆಯೇ ಬಂದು ದೀಪ ಹಚ್ಚಿದ್ದಳು.

“ನಮ್ಮಮ್ಮ ನಮ್ಮಪ್ಪನ ಜೊತೆ ಹೋದ್ಲಾ ಅತ್ಗೆ? ಇಲ್ದಿರೋದನ್ನ ಇವತ್ತು ಶುರು ಮಾಡ್ಬೇಡಿ. ನಿಮ್ಮ ಮಂಡಿ ಬೇರೆ ಹಂಗೈತೆ.”

“ಎಲ್ಲಾ ಕಡೆಗೂ ನನ್ನ ಬಿಟ್ಟೇ ಹೋದ್ರು. ಇದೊಂದಕ್ಕೆ ಬರ್ತೀನಿ.”

ಗೋಡೆಗೆ ಒರಗಿದ್ದ ಮಾನಮ್ಮ ಎಂಬತ್ತು ದಾಟಿದ ಮುದುಕಿ, ಎದುರುಮನೆಯವಳು. “ಹೋಗ್ಲಿ ಬಿಡೋ. ಹೆಂಗಸ್ರು ಬರಬಾರ್ದು ಅಂತ ದೇವ್ರು ಹೇಳಿಲ್ಲ, ಮನೆ ತೊಳಿಯೋಕೆ ಆಳಿಲ್ಲ ಅಂತ ನಿಮ್ಮ ತಾತಂದಿರು ಹೇಳಿದ್ದು. ನಾನೂ ಹೋಗ್ತಿದ್ದೆ. ನನ್ನನ್ನ ಅಲ್ಲೇ ಇಟ್ಕೊಂಡ್ಬಿಟ್ರೆ ಅಂತ ಭಯ.”

ಯಾರೋ ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು. ಆದಿನಾರಾಯಣ ವ್ಯಾನಿನ ಕಡೆ ಹೋದ.

ಅಷ್ಟರಲ್ಲಿ ಯಾಸಿರ್ ಬಂದ. ಶಿವಾಜಿನಗರದವನು, ಮುನಿವೆಂಕಟಪ್ಪನ ಹಾಗೆಯೇ ವ್ಯಾನಿನ ಡ್ರೈವರು. ದೊಡ್ಡ ಗುಂಪು ಸಿಕ್ಕಾಗ ಇಬ್ಬರೂ ಎರಡು ಗಾಡಿ ಜೊತೆಗೆ ಹಾಕುತ್ತಿದ್ದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ದೇಹದ ಕಾಲ ಬಳಿ ನಿಂತ. ಆಮೇಲೆ ಹೊರಗೆ ಹೋಗಿ, ಎಡಗಡೆಯಿಂದ ಹತ್ತಿ, ಎಂಜಿನ್ ಶುರು ಮಾಡಿ, ಎರಡು ಗೋಡೆಗಳ ನಡುವೆ ಒಂದೇ ಏಟಿಗೆ ವ್ಯಾನನ್ನು ಹಿಂದಕ್ಕೆ ತೆಗೆದ. ಆ ಎಂಜಿನ್ನಿನ ಸದ್ದು ಓಣಿಯ ತುದಿಗೆ ಹೋಗಿ ನಿಂತಾಗ, ಆವರೆಗೆ ಅಳದಿದ್ದ ಆಂಜನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಪ್ಪತ್ತೆರಡು ವರ್ಷ ಶುಕ್ರವಾರದ ಸಂಜೆಗಳಲ್ಲಿ ಆ ಸದ್ದು ಹಾಗೆಯೇ ದೂರವಾಗುತ್ತಿತ್ತು.

* * *

ಊರ ಹೊಲಗಳು ಬಡಾವಣೆಗೆ ಹೋದಾಗ ಆದಿನಾರಾಯಣ ತನ್ನ ಪಾಲಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ. ಮುನಿವೆಂಕಟಪ್ಪ ಒಂದು ಪುಟ್ಟ ಮನೆ ಉಳಿಸಿಕೊಂಡು ವ್ಯಾನು ಕೊಂಡ. ಇಂದಿರಾನಗರದಲ್ಲಿ ಚಾರಣಕ್ಕೆ ಹೋಗುವವರ ಒಂದು ಗುಂಪಿತ್ತು. ಶುಕ್ರವಾರ ಸಂಜೆ ಅವರನ್ನು ಹತ್ತಿಸಿಕೊಂಡು ಹೊರಟರೆ ಬೆಳಗಾಗುವಾಗ ಕರಾವಳಿ. ಸೋಮವಾರ ಮುಂಜಾನೆ ಮತ್ತೆ ಮನೆ.

ಸೋಮವಾರ ವ್ಯಾನು ಗುಡಿಸುವುದು ಆಂಜನಮ್ಮನ ಕೆಲಸವಾಗಿತ್ತು. ಸೀಟಿನ ಅಡಿಯಿಂದ, ಮ್ಯಾಟಿನ ಕೆಳಗಿನಿಂದ ಮರಳು ಬರುತ್ತಿತ್ತು. ಸಣ್ಣ ಮರಳು; ಒಳಗೆ ಕಪ್ಪೆಚಿಪ್ಪಿನ ಚೂರು. ಒಂದೊಂದು ಸಲ ಎರಡು ಬೊಗಸೆ. ಅದನ್ನು ಅವಳು ಕರಿಬೇವಿನ ಗಿಡದ ಪಕ್ಕ ಸುರಿಯುತ್ತಿದ್ದಳು. ಅವಳು ಕಂಡ ಸಮುದ್ರ ಅಷ್ಟೆ.

ಮುನಿವೆಂಕಟಪ್ಪ ಮಾತು ಕಡಿಮೆಯ ಮನುಷ್ಯ. ಊಟ ಆಯಿತೇ, ಬಾಗಿಲು ಹಾಕಿದೆಯಾ, ಸುಕನ್ಯ ಬಂದಳೇ. ವಾರದ ಮಾತು ಇಷ್ಟರಲ್ಲಿ ಮುಗಿಯುತ್ತಿತ್ತು. ಸೋಮವಾರ ಮಾತ್ರ ಕಾಫಿ ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರೆ ಅರ್ಧ ಗಂಟೆ ಮಾತಾಡುತ್ತಿದ್ದ.

“ಈ ಸಲ ಡಾಲ್ಫಿನ್ ಬಂದಿದ್ವು. ಐದು. ತಾಯಿ ಪಕ್ಕದಲ್ಲಿ ಒಂದು ಮರಿ. ನೀರಿಂದ ಮೇಲೆ ಬಂದು ಉಸಿರು ಬಿಡ್ತವೆ ನೋಡು, ಗಬ್ಬದ ಹಸು ಬಿಟ್ಟಂಗೆ, ಬುಸ್ ಅಂತ.”

ಇನ್ನೊಂದು ವಾರ: “ಹೊಳೆ ಸಮುದ್ರ ಸೇರೋ ಅಳಿವೇಲಿ ನೀರುನಾಯಿ. ಮೀನನ್ನ ಎರಡೂ ಕೈಲಿ ಹಿಡ್ಕೊಂಡು ತಿಂತಾ ಕೂತಿತ್ತು, ನಮ್ ಸುಕನ್ಯ ಜೋಳ ತಿಂದಂಗೆ.”

ಮತ್ತೊಂದು ವಾರ ಕಡಲ ಹದ್ದು. ಹೊಟ್ಟೆ ಬೆಳ್ಳಗೆ, ಕಾಲಿನಲ್ಲಿ ಒದ್ದಾಡುವ ಹಾವು. ಗುಡ್ಡದ ಮೇಲಿನಿಂದ ನೋಡಿದರೆ ಅದು ನಮ್ಮ ಕಾಲ ಕೆಳಗೆ ಹಾರುತ್ತದೆಯಂತೆ.

ಆಂಜನಮ್ಮ ಒಲೆಯ ಕಡೆ ಮುಖ ಮಾಡಿ ಕೇಳುತ್ತಿದ್ದಳು. ಮೊದಲ ವರ್ಷಗಳಲ್ಲಿ, “ನನ್ನೂ ಒಂದ್ಸಲ ಕರ್ಕೊಂಡ್ ಹೋಗ್ರೀ,” ಎಂದು ಕೇಳಿದ್ದುಂಟು. “ಸೀಟಿಲ್ಲ ಕಣೇ. ಗುಂಪಿನೋರೇ ಎಲ್ಲಾ ಬುಕ್ ಮಾಡವ್ರೆ,” ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಸುಕನ್ಯಳ ಪರೀಕ್ಷೆಗಳು ಬಂದವು. ಕೇಳುವುದನ್ನು ಅವಳು ಬಿಟ್ಟಳು. ಆದರೆ ಪ್ರತಿ ಸೋಮವಾರವೂ ಅವನು ಹೇಳುತ್ತಾ ಹೋದ ಹಾಗೆ ಅವಳೊಳಗೆ ಒಂದು ಲೆಕ್ಕ ಕೂಡುತ್ತಾ ಹೋಯಿತು: ಇವರು ನೋಡಿದ್ದು ಇಷ್ಟು, ನಾನು ನೋಡದ್ದು ಇಷ್ಟು.

* * *

ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಇಟ್ಟು ಶಾಮಿಯಾನದ ಕೆಳಗೆ ಮಲಗಿಸಿದರು. ತಲೆಯ ಕಡೆ ಇಡಲು ಒಂದು ಫೋಟೋ ಬೇಕಾಗಿತ್ತು. ಸುಕನ್ಯ ಬೀರು ಹುಡುಕಿ, ಡ್ರೈವಿಂಗ್ ಲೈಸೆನ್ಸಿನ ಫೋಟೋ ಹಿಡಿದುಕೊಂಡು ಬಂದಳು. ಮದುವೆಯಾಗಿ ಕೃಷ್ಣರಾಜಪುರದಲ್ಲಿದ್ದ ಅವಳು ಸುದ್ದಿ ತಿಳಿದ ಕೂಡಲೇ ಬಂದಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು.

“ಇದೊಂದೇ ಅಮ್ಮ ಇರೋದು.”

ಮಾನಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಅಯ್ಯೋ, ಇದನ್ನಿಡ್ಬೇಡ್ವೇ. ಪೊಲೀಸ್ನೋರು ಹುಡುಕ್ತಾ ಇರೋನ್ ತರ ಕಾಣ್ತಾನೆ.”

ಅದೇ ಹೊತ್ತಿಗೆ ಗುಂಪಿನವರು ಬಂದರು. ನಾಲ್ವರು. ಮುಂದೆ ಇದ್ದವಳು ಶ್ವೇತ, ನಲವತ್ತರ ಹತ್ತಿರದ ಹೆಂಗಸು, ಹದಿನೈದು ವರ್ಷದಿಂದ ಆ ಚಾರಣಗಳನ್ನು ನಡೆಸುತ್ತಿದ್ದವಳು. ಆಂಜನಮ್ಮ ಅವಳ ಹೆಸರು ಕೇಳಿದ್ದಳು. ನೋಡಿದ್ದು ಅದೇ ಮೊದಲು. ಶ್ವೇತ ದೇಹದ ಕಾಲು ಮುಟ್ಟಿ ನಮಸ್ಕರಿಸಿ ಆಂಜನಮ್ಮನ ಪಕ್ಕದಲ್ಲಿ ಕೂತು, ಫೋಟೋದ ಮಾತು ಕೇಳಿಸಿಕೊಂಡು, ಮೊಬೈಲು ತೆಗೆದಳು.

“ಅಂಕಲ್ ಫೋಟೋ ನನ್ನ ಹತ್ರ ತುಂಬಾ ಇದೆ ಆಂಟಿ. ನೋಡಿ, ಯಾವ್ದು ಬೇಕು.”

ಆಂಜನಮ್ಮ ಬೆರಳಿನಿಂದ ಒಂದೊಂದನ್ನೇ ಸರಿಸಿದಳು. ವ್ಯಾನಿನ ಮೇಲೆ ಹತ್ತಿ ಸಾಮಾನು ಕಟ್ಟುತ್ತಿರುವ ಮುನಿವೆಂಕಟಪ್ಪ. ಟೀ ಅಂಗಡಿಯ ಬೆಂಚಿನಲ್ಲಿ ಕೂತವನು. ತೆಂಗಿನ ಮರದ ನೆರಳಲ್ಲಿ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿದವನು. ಯಾರದೋ ಮಾತಿಗೆ ಬಾಯಿ ತೆರೆದು ನಗುತ್ತಿರುವವನು. ಆ ನಗೆಯನ್ನು ಅವಳು ಮನೆಯಲ್ಲಿ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಎಲ್ಲದರಲ್ಲೂ ಹಿಂದೆ ವ್ಯಾನು.

“ನೀರಿನ ಹತ್ರ ನಿಂತಿರೋದು ಇಲ್ವಾ? ಸಮುದ್ರ ಕಾಣಂಗೆ?”

“ಇಲ್ಲ ಆಂಟಿ. ಅಂಕಲ್ ಬರ್ತಾನೇ ಇರ್ಲಿಲ್ಲ.”

“ಎಲ್ಲಿಗೆ?”

“ಸಮುದ್ರಕ್ಕೆ.” ಶ್ವೇತ ಸುತ್ತ ಕೂತಿದ್ದವರನ್ನು ನೋಡಿ ಮಾತು ನಿಧಾನ ಮಾಡಿದಳು. “ನಮ್ಮನ್ನ ಕುಮಟಾದಲ್ಲಿ ಇಳಿಸೋರು. ನಾವು ಗುಡ್ಡ ಹತ್ತಿ ಇಳಿದು, ದಡದಲ್ಲೇ ನಡ್ಕೊಂಡು, ದೋಣೀಲಿ ಹೊಳೆ ದಾಟಿ ಗೋಕರ್ಣ ಸೇರೋಕೆ ಎರಡು ದಿನ. ಅಂಕಲ್ ರೋಡಲ್ಲಿ ವ್ಯಾನ್ ತಗೊಂಡ್ ಹೋಗಿ ಅಲ್ಲಿ ಕಾಯ್ತಿರೋರು. ಗಾಡಿ ನಿಲ್ಸೋ ಜಾಗದಿಂದ ಸಮುದ್ರ ಕಾಣಲ್ಲ. ಸದ್ದು ಕೇಳ್ಸತ್ತೆ ಅಷ್ಟೇ.”

ಆಂಜನಮ್ಮ ಯಾಸಿರನ ಕಡೆ ನೋಡಿದಳು.

“ನಮ್ ಕೆಲ್ಸಾನೇ ಅದು ಅಮ್ಮಾ,” ಎಂದ ಯಾಸಿರ್. “ಒಂದ್ ಕಡೆ ಇಳಿಸೋದು, ಇನ್ನೊಂದ್ ಕಡೆ ಹೋಗಿ ಕಾಯೋದು. ಆದ್ರೆ ನಾನು ಹೋಗ್ತಿದ್ದೆ. ಪ್ಯಾಂಟ್ ಮಡ್ಚಿ ಮಂಡಿ ತನಕ ನೀರಲ್ಲಿ ನಿಂತ್ಕೋತಿದ್ದೆ. ಮುನಿಯಣ್ಣಾ ಬಾ, ನಿನ್ ಡಬ್ಬಾ ಗಾಡಿ ಯಾವನೂ ಎತ್ಕೊಂಡ್ ಹೋಗಲ್ಲ ಅಂದ್ರೆ, ಸೇತುವೆ ಮೇಲೆ ಬರೋವಾಗ ಕಾಣ್ತಲ್ಲಪ್ಪ, ಸಾಕು ಅನ್ನೋದು. ಕಾಲ್ ಇಟ್ಟಿದ್ದು ನಾನ್ ನೋಡಿಲ್ಲ.”

“ಯಾಕಂತೆ?”

ಯಾಸಿರ್ ತಲೆ ಕೆರೆದುಕೊಂಡ. ಶ್ವೇತಳೇ ಹೇಳಿದಳು: “ನಮ್ಮನೆಯೋಳ ಟಿಕೆಟ್ ಇನ್ನೂ ಆಗಿಲ್ಲ, ಆದ್ಮೇಲೆ ನೋಡ್ತೀನಿ ಅನ್ನೋರು. ಪ್ರತಿ ಸಲ ಅದೇ ಮಾತು. ನಾವು ಜೋಕು ಅಂದ್ಕೊಂಡು ನಗ್ತಿದ್ವಿ.”

ಓಣಿಯ ತುದಿಯಲ್ಲಿ ತಮಟೆಯವರು ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು.

“ಡಾಲ್ಫಿನ್ ನೋಡಿದೆ ಅಂತ ಹೇಳ್ತಿದ್ರಲ್ಲ,” ಎಂದಳು ಆಂಜನಮ್ಮ. “ಐದು. ಒಂದು ಮರಿ.”

“ಅದು ನಾನು ಹೇಳಿದ್ದು ಆಂಟಿ. ವ್ಯಾನ್ ಹತ್ತಿದ ತಕ್ಷಣ ಕೇಳೋರು. ಏನೇನ್ ನೋಡಿದ್ರಿ, ಒಂದೂ ಬಿಡ್ಬೇಡಿ ಅಂತ. ಸುಸ್ತಾಗಿದೆ ಅಂಕಲ್ ಅಂದ್ರೂ ಬಿಡ್ತಿರ್ಲಿಲ್ಲ. ಹೇಳೋ ತನಕ ಗಾಡೀನೇ ಹೊರಡಿಸ್ತಿರ್ಲಿಲ್ಲ.”

“ಗಬ್ಬದ ಹಸು ಉಸಿರು ಬಿಟ್ಟಂಗೆ?”

“ಹಸುನಾ?” ಶ್ವೇತಳ ಕಣ್ಣಲ್ಲಿ ನೀರಿತ್ತು, ಆದರೂ ತುಟಿ ನಕ್ಕಿತು. “ನಾನು ಕುಕ್ಕರ್ ಅಂದಿದ್ದೆ.”

ಮಾನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗಿದಳು. ನಗುವೋ ಅಳುವೋ ತಿಳಿಯಲಿಲ್ಲ.

“ಗೋಕರ್ಣದಲ್ಲಿ ಈಶ್ವರನ್ನಾದ್ರೂ ನೋಡಿದ್ರಾ?” ಆಂಜನಮ್ಮ ಕೇಳಿದಳು. ಅವಳ ದನಿ ತೀರ ಸಣ್ಣದಾಗಿತ್ತು.

“ಬೀದೀಲಿ ನಿಂತು ಕೈ ಮುಗೀತಿದ್ರು. ಒಳಗೆ ಜೋಡೀಲಿ ಹೋಗ್ಬೇಕು ಅನ್ನೋರು.”

ಆಂಜನಮ್ಮ ಮೊಬೈಲನ್ನು ಶ್ವೇತಳ ಕೈಗೆ ಹಿಂದಕ್ಕೆ ಕೊಟ್ಟಳು. ಆ ನಗುವ ಫೋಟೋವನ್ನೇ ಇಡಿ ಎಂದಳು. ಆಮೇಲೆ ಗಂಡನ ಕಾಲ ಕಡೆ ಜರುಗಿ, ಪಂಚೆಯ ಅಂಚನ್ನು ಸರಿ ಮಾಡಿದಳು. ಬಲಗಾಲಿನ ಹಿಮ್ಮಡಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅವಳು ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು.

* * *

ಹನ್ನೊಂದು ವರ್ಷದ ಹಿಂದೆ, ಸುಕನ್ಯಳ ಮದುವೆಯಾಗಿ ಮನೆ ಬರಿದಾದ ತಿಂಗಳು, ಒಂದು ಗುರುವಾರ ಮುನಿವೆಂಕಟಪ್ಪ ಬೇಗ ಮನೆಗೆ ಬಂದ. ಕ್ಷೌರ ಮಾಡಿಸಿಕೊಂಡಿದ್ದ. ಹೊಸ್ತಿಲ ಮೇಲೆ ಕೂರದೆ ನಿಂತೇ ಹೇಳಿದ.

“ನಾಳೆ ಎರಡು ಸೀಟು ಖಾಲಿ ಐತೆ. ಗಾಡಿ ಯಾಸಿರ್ ಓಡಿಸ್ತಾನಂತೆ. ಬರ್ತೀಯಾ? ನಡೆಯೋಣ.”

ಆಂಜನಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಇಷ್ಟು ವರ್ಷ ಕಾಯ್ದ ಮಾತು. ಆದರೆ ಅದು ಬಂದಾಗ ಅವಳ ಬಾಯಿಂದ ಹೊರಟದ್ದು ಬೇರೆ.

“ನೀವು ಎಲ್ಲಾ ನೋಡಿ ನೋಡಿ ಬೇಜಾರಾದ್ಮೇಲೆ ಈಗ ನನಗ್ ತೋರಿಸ್ತೀರಾ? ನೀವು ಉಂಡ್ಬಿಟ್ಟ ಎಲೇಲಿ ನನಗೆ ಬಡಿಸ್ತೀರಾ? ಬೇಡ. ನನಗೇನೂ ಬೇಡ.”

ನನಗೂ ಅದು ಹೊಸದೇ ಎಂದು ಅವನು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಒಗ್ಗರಣೆಯ ಹೊಗೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, “ಸರಿ,” ಎಂದ. ಮರುದಿನ ಸಂಜೆ ತಾನೇ ವ್ಯಾನು ತೆಗೆದುಕೊಂಡು ಹೋದ. ಸೋಮವಾರ ಬಂದು, ಕಾಫಿ ಲೋಟ ಹಿಡಿದು ಹೊಸ್ತಿಲ ಮೇಲೆ ಕೂತು, ಎಂದಿನಂತೆ ಶುರು ಮಾಡಿದ: “ಈ ಸಲ ಒಂದು ಆಮೆ ಮೊಟ್ಟೆ ಇಡೋಕೆ ಬಂದಿತ್ತು.” ಅವಳು ಒಲೆಯ ಕಡೆ ತಿರುಗಿಯೇ ಇದ್ದಳು. ಅವನು ಮತ್ತೆ ಕರೆಯಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಸೋಮವಾರಗಳು ಮಾತ್ರ ನಿಲ್ಲಲಿಲ್ಲ.

* * *

ಹನ್ನೊಂದೂಕಾಲಿಗೆ ಹೊರಟರು. ಹೊತ್ತವರಲ್ಲಿ ಯಾಸಿರ್ ಒಬ್ಬ. ತಮಟೆ ಮುಂದೆ, ಅದರ ಹಿಂದೆ ಬೆಂಕಿಯ ಮಡಕೆ ಹಿಡಿದ ಆದಿನಾರಾಯಣ. ಒಬ್ಬ ಮೊರದಿಂದ ಚೆಂಡು ಹೂವನ್ನೂ ಪುರಿಯನ್ನೂ ತೆಗೆದು ದಾರಿಯುದ್ದಕ್ಕೂ ಎರಚುತ್ತಿದ್ದ.

ನೀರಿನ ಟ್ಯಾಂಕಿನ ಮೂಲೆಯಲ್ಲಿ ಚಟ್ಟ ಇಳಿಸಿದರು. ತಲೆಯಿದ್ದ ಕಡೆ ಕಾಲು ಬರುವಂತೆ ತಿರುಗಿಸಿ, ನಾರಾಯಣ ಎಂದು ಮತ್ತೆ ಎತ್ತಿದರು. ಹೆಂಗಸರು ಬೆನ್ನು ತಿರುಗಿಸಿದರು. ಸುಕನ್ಯ ತಾಯಿಯ ತೋಳು ಹಿಡಿದಳು.

“ಬಾ ಅಮ್ಮ.”

“ನೀನ್ ಹೋಗು. ಮನೆ ತೊಳೆದು ದೀಪ ಹಚ್ಚು.”

“ಅಮ್ಮ, ಚಿಕ್ಕಪ್ಪ ಬೈತಾರೆ.”

“ಬೈಲಿ.”

ಆದಿನಾರಾಯಣ ಮಡಕೆಯ ಹೊಗೆಯ ಮೇಲಿಂದ ನೋಡಿದ. ಅವನ ಕಣ್ಣೂ ಕೆಂಪಾಗಿತ್ತು. “ಅತ್ಗೆ, ಹೊತ್ತ ಮೇಲೆ ನಡುವೆ ನಿಲ್ಸಂಗಿಲ್ಲ. ನಿಮಗೋಸ್ಕರ ನಿಧಾನ ಮಾಡಕ್ಕಾಗಲ್ಲ. ಹನ್ನೆರಡರೊಳಗೆ ಮಣ್ಣು ಬೀಳ್ಬೇಕು. ನೀವು ಬಂದ್ರೂ ಅಷ್ಟೇ, ಬರ್ದಿದ್ರೂ ಅಷ್ಟೇ.”

“ಯಾರೂ ನಿಲ್ಲಬೇಡಿ. ನನ್ನ ಕಾಲಲ್ಲಿ ನಾನ್ ಬರ್ತೀನಿ.”

ಅವನು ಮುಂದಕ್ಕೆ ತಿರುಗಿದ. ಬೇಡ ಎಂದು ಮಾತ್ರ ಹೇಳಲಿಲ್ಲ. ತಮಟೆ ಮತ್ತೆ ಶುರುವಾಯಿತು.

ಟ್ಯಾಂಕಿನಾಚೆ ರಸ್ತೆ ಅಗಲವಾಗಿತ್ತು. ಸಿ.ವಿ. ರಾಮನ್ ನಗರದ ಕಡೆಯಿಂದ ಬರುವ ಕಾರು, ಆಟೋ, ನೀರಿನ ಟ್ಯಾಂಕರು, ಸಾಲು ಸಾಲಾಗಿ ಕಂಪನಿ ಬಸ್ಸು. ಹೊತ್ತವರು ಅವುಗಳ ನಡುವೆ ಬಿರುಸಾಗಿ ನಡೆದರು. ಆಂಜನಮ್ಮ ಇನ್ನೂರು ಹೆಜ್ಜೆ ಅವರ ಹಿಂದೆಯೇ ಹೋದಳು. ಆಮೇಲೆ ಎಡ ಮಂಡಿ ಹಿಡಿದುಕೊಂಡಿತು. ಅಂಗಡಿಯ ಷಟರು ಹಿಡಿದು ನಿಂತಾಗ ಪಕ್ಕದಲ್ಲಿ ಶ್ವೇತ ಇದ್ದಳು.

“ನಿಧಾನ ಆಂಟಿ. ನಮ್ಮಲ್ಲಿ ರೂಲು, ಕೊನೇಲಿ ನಡೆಯೋರ ಹಿಂದೆ ಯಾರಾದ್ರೂ ಒಬ್ರು ಇರ್ಲೇಬೇಕು. ನಾನಿರ್ತೀನಿ.”

“ಬೇಡಮ್ಮ. ನೀನು ಮುಂದೆ ಹೋಗು. ಆದೀಗೆ ಹೇಳು, ನಾನ್ ಬರೋ ತನಕ ಮಣ್ಣು ಹಾಕ್ಬೇಡಿ ಅಂತ. ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳಿದ್ರೂ ಕೇಳ್ಬಹುದು.”

“ನಿಮ್ಮನ್ನ ಒಬ್ರನ್ನೇ ಬಿಟ್ಟು ಹೆಂಗೆ?”

“ಓಡು. ಹೊತ್ತಾಯ್ತು.”

ಶ್ವೇತ ಎರಡು ಸಲ ತಿರುಗಿ ನೋಡಿ ಓಡಿದಳು. ಬಸ್ಸುಗಳ ನಡುವೆ ಅವಳ ಬೆನ್ನು ಸ್ವಲ್ಪ ದೂರ ಕಂಡಿತು, ಆಮೇಲೆ ಕಾಣಲಿಲ್ಲ.

ಆಂಜನಮ್ಮ ಒಬ್ಬಳೇ ನಡೆದಳು. ಬಲಗಾಲು ಮುಂದಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಬಲಗಾಲು. ಬಿಸಿಲು ನೆತ್ತಿಯ ಮೇಲಿತ್ತು. ತಮಟೆಯ ಸದ್ದು ಹಾರ್ನುಗಳ ನಡುವೆ ಒಮ್ಮೆ ಕೇಳಿಸಿತು, ಒಮ್ಮೆ ಇಲ್ಲ. ಎರಡೂ ಕಡೆ ಎತ್ತರದ ಕಟ್ಟಡಗಳು. ಮದುವೆಯಾಗಿ ಬಂದ ವರ್ಷ ಇಲ್ಲೆಲ್ಲೋ ಮಾವನ ರಾಗಿ ಹೊಲವಿತ್ತು, ಅದು ಎಲ್ಲಿತ್ತೆಂದು ಈಗ ಹೇಳಲಾಗದು. ಶಿವ ಶಿವ ಎಂದುಕೊಳ್ಳುತ್ತಾ, ಒಂದು ಹೆಸರಿಗೆ ಒಂದು ಹೆಜ್ಜೆಯಂತೆ ಇಟ್ಟಳು. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, “ಅಜ್ಜೀ, ಸೈಡಲ್ಲಿ ಹೋಗಿ,” ಎಂದು ಹೇಳಿ ಮುಂದೆ ಹೋದ.

ರಸ್ತೆ ಕವಲೊಡೆಯುವಲ್ಲಿ ಅವಳು ನಿಂತಳು. ತಮಟೆ ಈಗ ಪೂರ್ತಿ ನಿಂತಿತ್ತು. ಎಡಕ್ಕೊಂದು ದಾರಿ, ಬಲಕ್ಕೊಂದು. ನಲವತ್ತೊಂದು ವರ್ಷ ಈ ಊರಿನಲ್ಲಿದ್ದರೂ ಇಲ್ಲಿಂದ ಮುಂದಿನ ದಾರಿ ಅವಳಿಗೆ ಯಾರೂ ತೋರಿಸಿರಲಿಲ್ಲ. ಕೇಳೋಣವೆಂದರೆ ಕಾರುಗಳ ಗಾಜು ಏರಿಸಿತ್ತು.

ತಲೆ ತಗ್ಗಿಸಿ ರಸ್ತೆಯನ್ನು ನೋಡಿದಳು. ಚೆಂಡು ಹೂವಿನ ಎಸಳು ಎರಡೂ ದಾರಿಯಲ್ಲಿ ಇದ್ದವು.

ಬಲಗಡೆಯ ಎಸಳುಗಳು ಒಂದೇ ಗೆರೆಯಲ್ಲಿದ್ದವು. ಒಂದಕ್ಕೂ ಇನ್ನೊಂದಕ್ಕೂ ಒಂದೇ ಅಂತರ. ಹೋಗುತ್ತಾ ಹೋಗುತ್ತಾ ಬಣ್ಣ ತೆಳುವಾಗಿ ಕೊನೆಗೆ ಬರೀ ಕಲೆ. ಯಾವುದೋ ಗಾಡಿಯ ಚಕ್ರಕ್ಕೆ ಅಂಟಿಕೊಂಡು ಅತ್ತ ಹೋದ ಎಸಳು. ಎಡಗಡೆ ಹಾಗಿರಲಿಲ್ಲ. ಹೂವು ಎಲ್ಲೆಂದರಲ್ಲಿ ಬಿದ್ದಿತ್ತು. ನಡುನಡುವೆ ಬೆಳ್ಳಗೆ ಪುರಿ.

ಆಂಜನಮ್ಮ ಕೈಯೆತ್ತಿ ರಸ್ತೆಗೆ ಇಳಿದಳು. ನೀರಿನ ಟ್ಯಾಂಕರೊಂದು ಉದ್ದಕ್ಕೆ ಹಾರ್ನು ಹಾಕಿ, ಕಿರುಗುಟ್ಟಿ ನಿಂತಿತು. ಅವಳು ಅದರ ಕಡೆ ನೋಡಲಿಲ್ಲ. ಎಡಗಡೆಯ ದಾರಿ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನೋಡುತ್ತಾ ನಡೆದಳು. ಹತ್ತು ಹೆಜ್ಜೆಯಾಚೆ ಇನ್ನೊಂದಿಷ್ಟು ಪುರಿ ಬಿದ್ದಿತ್ತು. ಅದರ ಮೇಲೆ ಇನ್ನೂ ಯಾವ ಚಕ್ರವೂ ಹರಿದಿರಲಿಲ್ಲ.